ಬಗ್ಗದ ಮೊಣಕಾಲಿಗೆ ಎಣ್ಣೆ

ನಮ್ಮೂರಿನಲ್ಲಿ ಮನಸ್ಸಿನೊಳಗೆ ಜಗಳ ಇಟ್ಟುಕೊಂಡವರ ಮೊಣಕಾಲು ದೇವರ ಮುಂದೆ ಬಗ್ಗುವುದಿಲ್ಲ. ಬೇರೆಲ್ಲ ಕಡೆ ಬಗ್ಗುತ್ತದೆ. ಅವರು ಮೆಟ್ಟಿಲು ಹತ್ತುತ್ತಾರೆ, ಎಮ್ಮೆ ಹಿಂಡುತ್ತಾರೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ರೊಟ್ಟಿ ಹೆಚ್ಚಿಗೇ ತಿನ್ನುತ್ತಾರೆ. ಆದರೆ ಭಾನುವಾರ ಚರ್ಚಿನಲ್ಲಿ ಅಯ್ಯನವರು ‘ಮೊಣಕಾಲೂರೋಣ’ ಎಂದ ಕೂಡಲೇ ಅವರ ಕಾಲು ಒನಕೆಯ ಹಾಗೆ ನೆಟ್ಟಗಾಗಿಬಿಡುತ್ತದೆ. ಇಡೀ ಸಭೆ ಕೆಳಗೆ ಹೋದಾಗ ಅವರು ಮಾತ್ರ ಮೇಲೆ ಉಳಿಯುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚಬೇಕೆಂಬ ನಿಯಮ ಇದೆ. ನಿಂತವರು ಯಾರು ಎಂದು ಮಾತ್ರ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ.

ಇದಕ್ಕೆ ನಾವು ಎಂದೋ ಹೊಂದಿಕೊಂಡಿದ್ದೇವೆ. ನಿಲ್ಲುವವರಿಗೆಂದು ಚರ್ಚಿನ ಹಿಂಭಾಗದಲ್ಲಿ ಬೇರೆ ಸಾಲು ಇದೆ, ಅದಕ್ಕೆ ಕಂಬದ ಸಾಲು ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಓದು, ಬಣ್ಣ, ಅಡಿಗೆ ಎಲ್ಲ ವಿಚಾರಿಸಿ, ಚಹಾ ಕುಡಿದು, ಏಳುವ ಮುಂಚೆ ‘ಭಾನುವಾರ ಹುಡುಗಿ ಎಲ್ಲಿ ಕೂಡ್ರತಾಳ್ರಿ’ ಎಂದು ಮೆಲ್ಲಗೆ ಕೇಳುತ್ತಾರೆ. ನಿಜವಾಗಿ ಸಂಧಿವಾತ ಇರುವ ಮುದುಕರು ಡಾಕ್ಟರ ಚೀಟಿ ತಂದು, ಅಯ್ಯನವರ ಮೊಹರು ಒತ್ತಿಸಿ, ಅಂಗಿಗೆ ಪಿನ್ನು ಹಾಕಿಕೊಂಡು ಬರುತ್ತಾರೆ. ಕೆಲವು ಹೆಂಗಸರು ಸೀರೆಯ ನೆರಿಗೆ ಅಗಲ ಮಾಡಿ, ಸೊಂಟದಿಂದ ಬಾಗಿ, ಊರಿದ ಹಾಗೆ ನಟಿಸುವುದೂ ಉಂಟು. ನಮ್ಮೂರಿನ ಹೆಂಗಸರ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ, ಎರಡನೇ ಭಾನುವಾರಕ್ಕೇ ಸಿಕ್ಕಿಬೀಳುತ್ತಾರೆ.

ಇನ್ನೆರಡು ಕಟ್ಟಳೆಗಳನ್ನೂ ಹೇಳಿಬಿಡುತ್ತೇನೆ. ಸಾಯುವ ಮುಂಚಿನ ಕೊನೆಯ ಪ್ರಭುಭೋಜನದ ದಿನ, ಎಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಭಾನುವಾರ, ಮೊಣಕಾಲೂರದೆ ನಿಂತೇ ಇದ್ದವರನ್ನು ಸ್ಮಶಾನದ ಗೋಡೆಯ ಆಚೆ, ಕಳ್ಳಿ ಬೆಳೆದ ಕಡೆ ಹೂಳುತ್ತಾರೆ. ಅದನ್ನು ಒಪ್ಪದ ರಕ್ತಸಂಬಂಧಿಗಳು ಸಭೆಗೆ ದೂರು ಕೊಡಬಹುದು. ಅವರ ಮೊಣಕಾಲು ಬಗ್ಗದೆ ಇರುವ ತನಕ ದೂರು ಜೀವಂತ. ಬಗ್ಗಿದ ದಿನ ಅವರೊಳಗಿನ ಜಗಳ ತೀರಿತು ಎಂದು ಪುಸ್ತಕದಲ್ಲಿ ಬರೆದು ಮುಚ್ಚುತ್ತಾರೆ. ಮುಚ್ಚಿದ ದೂರನ್ನು, ದೂರು ಕೊಟ್ಟವರ ಕಾಲು ಮತ್ತೆ ಬಿಗಿಯದ ಹೊರತು, ಯಾರೂ ತೆರೆಯುವಂತಿಲ್ಲ.

ನನ್ನ ಹೆಸರು ದೀನಮ್ಮ. ಊರಲ್ಲಿ ಎಣ್ಣಿ ದೀನಮ್ಮ ಎಂದರೇ ಗೊತ್ತಾಗುವುದು. ಶನಿವಾರ ಊಟದ ಹೊತ್ತು ಕಳೆದ ಮೇಲೆ ಕಾಲು ಬಿಗಿದವರ ಮನೆಗೆ ಹೋಗಿ, ಬೆಚ್ಚಗಿನ ಹರಳೆಣ್ಣೆ ತಿಕ್ಕಿ, ಭಾನುವಾರದ ಹೊತ್ತಿಗೆ ಅವರನ್ನು ಬಗ್ಗಿಸುವುದು ನನ್ನ ಕೆಲಸ. ಸೋದರತ್ತೆಯಿಂದ ಕಲಿತದ್ದು. ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು, ತಿಕ್ಕಿಸಿಕೊಳ್ಳುವವರಿಗೂ ಗೊತ್ತು. ಕಾಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂತ ಮನುಷ್ಯ ಬಹಳ ಹೊತ್ತು ಸುಮ್ಮನಿರಲಾರ, ಅಷ್ಟೇ ಅದರ ಗುಟ್ಟು. ಬಿಗಿತದಲ್ಲೇ ರೋಗದ ಗುರುತು ಇರುತ್ತದೆ. ಸಿಟ್ಟಾದರೆ ಚಿಪ್ಪಿನ ಮೇಲುಗಡೆ ಗಟ್ಟಿ. ಹೊಟ್ಟೆಕಿಚ್ಚಾದರೆ ಹಿಂದಿನ ನರ. ಹೆದರಿಕೆಯಾದರೆ ಮೊದಲು ನಡುಕ, ಆಮೇಲೆ ಬಿಗಿ. ಹೇಳಬಾರದ ಆಸೆಯಾದರೆ ಒಂದೇ ಕಾಲು. ಒಳಗಿರುವುದಕ್ಕೆ ಹೆಸರಿಟ್ಟು ಬಾಯಿಬಿಟ್ಟು ಹೇಳಿಸಿದರೆ ಅರ್ಧ ಸಡಿಲವಾಯಿತು. ಉಳಿದರ್ಧಕ್ಕೆ ಯಾರ ಹತ್ತಿರವೋ ಹೋಗಿ ಕ್ಷಮೆ ಕೇಳಬೇಕು, ಇಲ್ಲವೇ ಕೊಡಬೇಕು. ಮೂವತ್ತೊಂದು ವರ್ಷ ಈ ಕೆಲಸ ಮಾಡಿದೆ, ಸೋತದ್ದು ಒಬ್ಬನ ಮುಂದೆ ಮಾತ್ರ.

ಅವನು ಎಲಿಯಾಜರ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು. ಅವನ ತಾಯಿ ಜೀವನವಿಡೀ ಪ್ರಾರ್ಥನೆ ಮಾಡಿದವಳು. ಕಡೆಯ ಎರಡು ವರ್ಷ ಹೊಟ್ಟೆಯ ಹುಣ್ಣಿನಿಂದ ಕೂಗಿಕೂಗಿ ಸತ್ತಳು. ಅವಳನ್ನು ಗೋಡೆಯ ಒಳಗೆ ಗೌರವದಿಂದ ಮಣ್ಣು ಮಾಡಿದ ಮರುವಾರದಿಂದ ಎಲಿಯಾಜರನ ಮೊಣಕಾಲು ಬಿಗಿದು ನಿಂತಿತು. ಹನ್ನೊಂದು ವರ್ಷ ನಿಂತೇ ಇತ್ತು. ಒಂದು ಭಾನುವಾರವೂ ಅವನು ಚರ್ಚು ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದು ಕಂಬದ ಸಾಲಿನಲ್ಲಿ ನಿಲ್ಲುತ್ತಿದ್ದ. ನಾನು ಹನ್ನೊಂದು ವರ್ಷ ಅವನ ಕಾಲು ತಿಕ್ಕಿದೆ. ಅವನ ಬಿಗಿತ ನಾನು ಬಲ್ಲ ಯಾವ ಗುರುತಿಗೂ ಸೇರುತ್ತಿರಲಿಲ್ಲ. ‘ಕ್ಷಮಿಸಿಬಿಡಪ್ಪಾ, ದೇವರ ಮ್ಯಾಲಿನ ಸಿಟ್ಟು ಬಿಟ್ಟುಬಿಡು’ ಎಂದರೆ ನಗುತ್ತಿದ್ದ. ‘ಸಿಟ್ಟಲ್ರಿ ದೀನಮ್ಮಾರ. ಒಂದು ಮಾತು ಕೇಳೀನಿ, ಆತ ಇನ್ನೂ ಉತ್ತರ ಕೊಟ್ಟಿಲ್ಲ. ಅದಕ್ಕ ನಿಂತೀನಿ’ ಎನ್ನುತ್ತಿದ್ದ. ಪಕ್ಕದ ಊರಿನವರು ಕೂಡ ‘ನಿಮ್ಮ ಎಣ್ಣಿ ಎಲಿಯಾಜರನ ಮುಂದ ನಡಿಯಂಗಿಲ್ಲಂತ’ ಎಂದು ಚುಡಾಯಿಸುತ್ತಿದ್ದರು. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಒಳಗೊಳಗೇ ಅವನ ಮೇಲೆ ಕುದಿಯುತ್ತಿದ್ದೆ.

ಸಾಯುವ ಹತ್ತು ದಿನ ಮುಂಚೆ ಅವನು ನನ್ನನ್ನು ಕರೆಸಿದ. ಎದೆಯಲ್ಲಿ ನೀರು ತುಂಬಿತ್ತು, ಗೋಡೆಗೆ ಒರಗಿ ಕೂತಿದ್ದ. ‘ನನ್ನ ಅವ್ವನ ಬಾಜೂಕ ಹಾಕಸ್ರಿ’ ಎಂದ. ‘ದೇವರ ಕೂಡ ನಾ ಮಾತು ಬಿಟ್ಟಿಲ್ರಿ. ಬಿಟ್ಟಿದ್ರ ಭಾನುವಾರ ಯಾಕ ಬರ್ತಿದ್ದೆ? ಇದನ್ನ ಹಿರಿಯರಿಗೆ ನೀವು ಹೇಳ್ರಿ. ನಿಮ್ಮ ಮಾತು ಕೇಳ್ತಾರ.’ ನಾನು ಹೂಂ ಎಂದು ಬಂದೆ.

ಅವನು ಸತ್ತ ದಿನ, ಒಂದು ಭಾನುವಾರವೂ ತಪ್ಪಿಸದವನನ್ನು ಎಲ್ಲಿ ಹೂಳಬೇಕೆಂದು ಸಭೆಯ ಏಳು ಜನ ಹಿರಿಯರು ಕೂತರು. ಮೂವರು ಒಳಗೆ ಎಂದರು, ಮೂವರು ಹೊರಗೆ ಎಂದರು. ಏಳನೆಯವನು ಜಯಶೀಲಪ್ಪ, ಮರದ ಅಡ್ಡೆ ಇಟ್ಟವನು, ಎಲಿಯಾಜರನ ತಂಗಿ ಕೃಪಾವತಿಯ ಗಂಡ. ಪ್ರಭುದಾಸ ಅಯ್ಯನವರು ನನ್ನ ಕಡೆ ತಿರುಗಿ, ‘ದೀನಮ್ಮಾ, ಹನ್ನೊಂದು ವರ್ಷ ಅವನ ಮನಿಗೆ ಹೋಗಿ ಬಂದಾಕಿ ನೀನು. ಕಡೀಕ ಏನರ ಅಂದಾನೇನು?’ ಎಂದು ಕೇಳಿದರು. ‘ಏನೂ ಅನಲಿಲ್ರಿ’ ಎಂದೆ. ಯಾಕೆ ಹಾಗೆಂದೆ ಎಂದರೆ, ಕಾಲು ಬಗ್ಗದೆಯೇ ಅವನು ಗೋಡೆಯ ಒಳಗೆ ಹೋದರೆ ನನ್ನ ಎಣ್ಣೆ ಬೇಕೇ ಇರಲಿಲ್ಲ ಎಂದಾಗುತ್ತಿತ್ತು. ಇದನ್ನು ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಜಯಶೀಲಪ್ಪ ‘ಕಟ್ಟಳಿ ಎಲ್ಲಾರಿಗೂ ಒಂದ’ ಎಂದ. ಹೆಂಡತಿಯ ಅಣ್ಣನಿಗೆ ಪೆಟ್ಟಿಗೆ ಮಾಡಲು ಸಾಗವಾನಿ ಹಲಗೆ ಪುಕ್ಕಟೆ ಕೊಟ್ಟ, ಜಾಗ ಕೊಡಲಿಲ್ಲ. ಕಳ್ಳಿ ಕಡಿದು ಗೋಡೆಯ ಆಚೆ ಹೂತರು. ಆ ಭಾನುವಾರ ಜಯಶೀಲಪ್ಪನ ಮೊಣಕಾಲು ಎಂದಿನಂತೆ ಬಗ್ಗಿತು. ನನ್ನದೂ ಬಗ್ಗಿತು. ದೇವರಿಗೆ ಒಪ್ಪಿಗೆಯಾಯಿತು ಎಂದು ಭಾವಿಸಿ ಮನೆಗೆ ಬಂದು ಉಂಡೆ.

ಕೃಪಾವತಿಯದು ಬಗ್ಗಲಿಲ್ಲ. ಅವಳು ಮೊದಲ ಬೆಂಚಿನಿಂದ ಎದ್ದು, ನಡುವಿನ ಹಾದಿಯಲ್ಲಿ ಎಲ್ಲರೂ ನೋಡುವಂತೆ ನಡೆದುಕೊಂಡು ಹೋಗಿ, ಅಣ್ಣ ನಿಲ್ಲುತ್ತಿದ್ದ ಕಂಬದ ಹತ್ತಿರ ನಿಂತಳು. ಮಾರನೆಯ ದಿನ ಅಯ್ಯನವರ ಬಾಗಿಲಿಗೆ ಹೋಗಿ, ‘ನಮ್ಮ ಅಣ್ಣನ್ನ ಒಳಗ ತರ್ರಿ’ ಎಂದು ದೂರು ಬರೆಸಿದಳು. ಅಲ್ಲಿಂದ ಒಂಬತ್ತು ತಿಂಗಳು, ಪ್ರತಿ ಭಾನುವಾರ ಕಂಬ, ಪ್ರತಿ ಸೋಮವಾರ ಅಯ್ಯನವರ ಬಾಗಿಲು. ಅಯ್ಯನವರು ಸೋಮವಾರ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಬೀಳುವುದನ್ನು ಅಭ್ಯಾಸ ಮಾಡಿಕೊಂಡರು. ಅವಳು ಹಿತ್ತಲಿಗೂ ಹೋದಳು.

ಬೆಳೆಹಬ್ಬದ ಭಾನುವಾರ ಜಯಶೀಲಪ್ಪನನ್ನು ಮುಖ್ಯ ಹಿರಿಯನನ್ನಾಗಿ ಮಾಡುವುದೆಂದು ಗೊತ್ತಾಗಿತ್ತು. ಮುಖ್ಯ ಹಿರಿಯನ ಮನೆಯವರೆಲ್ಲ ಮೊಣಕಾಲೂರಿರಬೇಕು. ಅವನೇ ನನ್ನ ಮನೆಗೆ ಬಂದ. ಅವನು ಕೆಟ್ಟ ಮಾತಾಡುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದು ಕೂತು, ‘ಆಕಿಗೆ ಶಾಂತಿ ಸಿಗಬೇಕ್ರಿ ದೀನಮ್ಮಾರ, ನನಗೇನ ಬ್ಯಾಡ’ ಎಂದ. ಅಯ್ಯನವರೂ ಹೇಳಿಕಳಿಸಿದರು. ಆರು ಶನಿವಾರ ಉಳಿದಿದ್ದವು. ಅಣ್ಣನ ಕಾಲಲ್ಲಿ ಹೋದ ಮರ್ಯಾದೆಯನ್ನು ತಂಗಿಯ ಕಾಲಲ್ಲಿ ತರುವೆನೆಂದು ನಾನು ಎಣ್ಣೆ ಬಿಸಿ ಮಾಡಿದೆ.

ಅವಳ ಮೊಣಕಾಲು ಮುಟ್ಟಿದ ಕೂಡಲೇ ಅಣ್ಣನದೇ ಬಿಗಿತ ಎಂದು ಕೈಗೆ ತಿಳಿಯಿತು. ಬೆಚ್ಚಗಿತ್ತು. ಸಿಟ್ಟಿನ ಕಾಲು ಹಾಗೆ ಬೆಚ್ಚಗಿರುವುದಿಲ್ಲ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕಾಲು ಚಾಚಿ ಕೂತಿದ್ದಳು.

‘ನಾ ಮೊಣಕಾಲೂರಿದ್ರ ಅಣ್ಣ ಒಳಗ ಬರ್ತಾನೇನ್ರಿ?’ ಎಂದು ಕೇಳಿದಳು.

‘ಇಲ್ಲವ್ವಾ. ಖರೆ ನಿನ್ನ ಮನಸಿಗೆ ಸಮಾಧಾನ ಆಗ್ತದ.’

‘ನನ್ನ ಮನಸಿಗೇನಾಗೇದ? ನಾ ದಿನಾ ದೇವರ ಕೂಡ ಜಗಳ ಆಡ್ತೀನ್ರಿ. ಅಕ್ಕಿ ಆರಿಸ್ಕೋತ ಆಡ್ತೀನಿ, ನೀರು ತುಂಬಕೋತ ಆಡ್ತೀನಿ. ಆತ ಕೇಳಾಕತ್ತಾನ ಅಂತ ಗೊತ್ತೈತಿ. ಕೇಳಂಗಿಲ್ಲ ಅನ್ನೂದಾದ್ರ ಯಾವ ಹುಚ್ಚಿ ಆಡ್ತಾಳ?’

ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಗಂಡನ ಮೇಲೆ ದ್ವೇಷವೇ ಎಂದು ಕೆದಕಿದೆ. ‘ಅವರ ಮ್ಯಾಲ ಸಿಟ್ಟು ಬರತದ, ಹೋಗತದ’ ಎಂದಳು. ಹೆಮ್ಮೆಯೇ ಎಂದು ಕೇಳಿದೆ. ನಕ್ಕಳು, ಆ ನಗು ಅಣ್ಣನದೇ. ಬೈಬಲಿನ ವಚನ ಹೇಳಿದೆ, ಅದರ ಮುಂದಿನ ವಚನ ಅವಳೇ ಹೇಳಿದಳು. ಐದು ಶನಿವಾರ ಕಳೆದವು. ಕಾಲು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಬೀದಿಯಲ್ಲಿ ಜನ ಮತ್ತೆ ನಗಲು ಶುರು ಮಾಡಿದರು.

ಆರನೇ ಶನಿವಾರ ನಾನು ಸುಳ್ಳು ಹೇಳಿದೆ. ಯೋಚಿಸಿಕೊಂಡು ಹೋಗಿರಲಿಲ್ಲ. ಬೆರಳು ನೋಯುತ್ತಿತ್ತು, ಅವಳು ಹಾಡು ಗುನುಗುತ್ತಿದ್ದಳು, ನನಗೆ ರೇಗಿತು.

‘ನಿಮ್ಮ ಅಣ್ಣ ಸಾಯೂಕಿಂತ ಮೊದಲು ನನ್ನ ಕರಿಸಿದ್ದ’ ಎಂದೆ. ‘ಎಲ್ಲಿ ಹಾಕಿದ್ರೂ ನಡಿತದ, ನನಗ ಸಾಕಾಗೇತಿ, ದೇವರ ಕೂಡ ನನ್ನದೇನೂ ಉಳಿದಿಲ್ಲ ಅಂದ.’

ಮೊರದ ಮೇಲಿನ ಅವಳ ಕೈ ನಿಂತಿತು. ‘ಸಾಕಾಗೇತಿ ಅಂದನೇನು?’

‘ಅಂದ.’

‘ಅಣ್ಣ?’

‘ಹೂಂ. ಅವನೇ ಬಿಟ್ಟುಬಿಟ್ಟಿದ್ದ ಅಂದಮ್ಯಾಲ ನೀ ಯಾಕ ಹಿಡಕೊಂಡಿ?’

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಬಾವಿಯಲ್ಲಿ ಕೊಡ ಕಳಚಿಬಿದ್ದಾಗ ಹಗ್ಗ ಹಗುರಾಗುವಂತೆ ನನ್ನ ಅಂಗೈ ಕೆಳಗೆ ಮೊಣಕಾಲು ಸಡಿಲವಾಯಿತು. ಬಿಸಿಯೂ ಇಳಿಯಿತು. ನಾನು ಸೆರಗಿಗೆ ಕೈ ಒರೆಸಿಕೊಂಡು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಬೆಳೆಹಬ್ಬದ ದಿನ ಚರ್ಚಿನ ತುಂಬ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆ. ಅಯ್ಯನವರು ‘ಮೊಣಕಾಲೂರೋಣ’ ಎಂದಾಗ ಇಡೀ ಸಭೆ ಉಸಿರು ಹಿಡಿದಿತ್ತು. ಕೃಪಾವತಿ ಗಂಡನ ಪಕ್ಕದಲ್ಲಿ ಸುಮ್ಮನೆ ಕೆಳಗಿಳಿದಳು. ಹಿಂದಿನ ಸಾಲಿನ ಹೆಂಗಸರು ಅತ್ತರು. ನಾನೂ ಅತ್ತೆ. ಆರಾಧನೆ ಮುಗಿದ ಮೇಲೆ ಜಯಶೀಲಪ್ಪನಿಗೆ ಬಿಳಿ ಶಾಲು ಹೊದಿಸಿದರು. ಅಯ್ಯನವರು ಪುಸ್ತಕ ತೆರೆದು ಕೃಪಾವತಿಯ ದೂರಿನ ಮೇಲೆ ಅಡ್ಡಗೆರೆ ಎಳೆದರು. ನನಗೂ ಒಂದು ಕುಂಬಳಕಾಯಿ ಕೊಟ್ಟರು.

ಮುಂದಿನ ವಾರ ನಾನೇ ಅವಳ ಮನೆಗೆ ಹೋದೆ, ಹೊಗಳಿಸಿಕೊಳ್ಳುವ ಆಸೆಯಿಂದ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಚೆನ್ನಾಗಿ ಮಾತಾಡಿಸಿದಳು. ‘ಪ್ರಾರ್ಥನಿ ಹೆಂಗ ನಡದದವ್ವಾ?’ ಎಂದೆ.

‘ಮಾಡ್ತೀನ್ರಿ. ಬಾಯಿಪಾಠ ಐತಲ್ಲ.’

‘ಈಗ ಜಗಳ ಇಲ್ಲಲ್ಲ?’

ಅವಳು ಒದ್ದೆ ಟವೆಲ್ಲನ್ನು ಕೊಡವಿ, ಹಗ್ಗದ ಮೇಲೆ ಹಾಕಿ, ಅಂಚು ಸರಿಮಾಡಿ, ನನ್ನ ಕಡೆ ತಿರುಗಿದಳು. ‘ಯಾರ ಕೂಡ್ರಿ?’ ಎಂದಳು. ವ್ಯಂಗ್ಯವಿರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂವತ್ತೊಂದು ವರ್ಷ ಮೊಣಕಾಲು ಬಗ್ಗುವುದನ್ನು ನೋಡಿದೆನೇ ಹೊರತು, ಒಳಗೆ ಯಾರು ಗೆದ್ದರು ಎಂದು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯದು ಗೆದ್ದರೂ ಜಗಳ ಮುಗಿಯುತ್ತದೆ, ಆ ಒಳ್ಳೆಯದೇ ಸತ್ತುಹೋದರೂ ಮುಗಿಯುತ್ತದೆ. ಎರಡಕ್ಕೂ ಮೊಣಕಾಲು ಒಂದೇ ರೀತಿ ಬಗ್ಗುತ್ತದೆ. ಜಯಶೀಲಪ್ಪನ ಕಾಲು ಒಂದು ದಿನವೂ ಬಿಗಿಯಲಿಲ್ಲ ಏಕೆಂದರೆ ಜಗಳ ಆಡಲು ಅವನೊಳಗೆ ಎರಡನೆಯವನೇ ಇರಲಿಲ್ಲ. ಹಿರಿಯರ ಮುಂದೆ ಸುಳ್ಳು ಹೇಳಿದ ವಾರ ನನ್ನದೂ ಬಗ್ಗಿತ್ತಲ್ಲ. ನಾನು ಬಗ್ಗಿಸಿದ ನೂರಾರು ಮೊಣಕಾಲು ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ವಾಸಿಯಾಗಿದ್ದವು, ಎಷ್ಟನ್ನು ನಾನು ಕೊಂದೆ ಎಂದು ಹೇಳುವವರು ಯಾರು?

ಆ ಭಾನುವಾರ ನನ್ನ ಮೊಣಕಾಲು ಬಗ್ಗಲಿಲ್ಲ. ಎರಡೂ ಒಟ್ಟಿಗೆ ಬಿಗಿದವು. ಇಡೀ ಚರ್ಚಿನಲ್ಲಿ ನಾನೊಬ್ಬಳೇ ನಿಂತಿದ್ದೆ. ಊರಿಗೆ ಹಬ್ಬವಾಯಿತು. ‘ಎಣ್ಣಿ ದೀನಮ್ಮಗ ಎಣ್ಣಿ ಯಾರು ಹಚ್ಚಬೇಕು?’ ಎಂದು ಬಾವಿಕಟ್ಟೆಯಲ್ಲಿ ನಕ್ಕರು. ನಗಲಿ ಬಿಡಿ, ನಾನೂ ಇಷ್ಟು ವರ್ಷ ಇನ್ನೊಬ್ಬರ ಕಾಲು ನೋಡಿ ನಕ್ಕವಳೇ.

ಸೋಮವಾರ ಅಯ್ಯನವರ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಹಿರಿಯರ ಮುಂದಿನ ಸುಳ್ಳು, ಕೃಪಾವತಿಗೆ ಹೇಳಿದ ಸುಳ್ಳು, ಎರಡನ್ನೂ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ದೂರು ನನ್ನ ಹೆಸರಲೆ ಬರ್ಕೋರಿ’ ಎಂದೆ. ‘ಎಲಿಯಾಜರನ್ನ ಒಳಗ ತರ್ರಿ.’

‘ನೀನು ರಕ್ತಸಂಬಂಧಿ ಅಲ್ಲ ದೀನಮ್ಮಾ. ದೂರು ಆಕಿದು. ಆಕಿ ಕಾಲು ಬಗ್ಗೇದ.’

‘ಸುಳ್ಳು ಕೇಳಿ ಬಗ್ಗೇದ್ರಿ.’

‘ಯಾಕ ಬಗ್ಗಿತು ಅಂತ ಪುಸ್ತಕದಾಗ ಬರಿಯೂದಿಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ‘ಹೋಗಿ ಆಕಿ ಹತ್ರ ತಪ್ಪು ಒಪ್ಪಿಕೊ. ಆಕಿ ಕ್ಷಮಿಸಿದ್ರ ನಿನ್ನ ಕಾಲು ಬಗ್ಗತದ. ಆಕಿದು ಮತ್ತ ಬಿಗೀತಂದ್ರ ಆಗ ನೋಡೂಣು.’

ನನಗೆ ಅಷ್ಟೇ ಸಾಕಾಗಿತ್ತು. ನಿಜ ಕೇಳಿದರೆ ಅವಳು ಬೆಂಕಿಯಾಗುತ್ತಾಳೆ, ನನ್ನ ಕೆನ್ನೆಗೆ ಬಾರಿಸುತ್ತಾಳೆ, ಮುಂದಿನ ಭಾನುವಾರ ಎದ್ದು ಕಂಬದ ಸಾಲಿಗೆ ಬರುತ್ತಾಳೆ. ಬೀದಿಯುದ್ದಕ್ಕೂ ಅವಳ ಬೈಗುಳವನ್ನು ನಾನೇ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ಬೈಸಿಕೊಳ್ಳಲು ಅಷ್ಟೊಂದು ಆಸೆಯಿಂದ ಯಾರ ಮನೆಗೂ ಹೋದವಳಲ್ಲ ನಾನು.

ಅವಳು ಗಂಡನ ಬಿಳಿ ಶಾಲಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ. ‘ನಿಮ್ಮ ಅಣ್ಣ ಸಾಕಾಗೇತಿ ಅನಲಿಲ್ಲ. ಅವ್ವನ ಬಾಜೂಕ ಹಾಕಸ್ರಿ ಅಂದ. ದೇವರ ಕೂಡ ಮಾತು ಬಿಟ್ಟಿಲ್ಲ ಅಂದ. ಹಿರಿಯರಿಗೆ ಹೇಳ್ರಿ ಅಂದ. ನಾ ಹೇಳಲಿಲ್ಲ. ನಿನಗೂ ಸುಳ್ಳು ಹೇಳಿದೆ.’

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಅವಳ ಮುಖದಲ್ಲಿ ಏನೋ ಬಂತು ಎಂದುಕೊಂಡೆ. ಅವಳು ತನ್ನೊಳಗೇ ಏನನ್ನೋ ಹುಡುಕುತ್ತಿರುವ ಹಾಗೆ ಕಂಡಿತು.

‘ಹೌದೇನ್ರಿ’ ಎಂದಳು. ಆಮೇಲೆ, ‘ಇರ್ಲಿ ಬಿಡ್ರಿ’ ಎಂದಳು.

‘ಇರ್ಲಿ ಅಂದ್ರ? ಕೃಪಾ, ಸಿಟ್ಟಿಗೇಳವ್ವಾ. ನನ್ನ ಬೈ. ನಿಮ್ಮ ಅಣ್ಣ ಕಳ್ಳಿ ಒಳಗ ಮಲಗ್ಯಾನ.’

‘ಬೈದು ಏನು ಮಾಡೂದೈತ್ರಿ? ನಾ ನಿಮ್ಮನ್ನ ಕ್ಷಮಿಸೀನಿ.’

ಜೀವಮಾನದಲ್ಲಿ ನಾನು ಎಷ್ಟೋ ಜನರಿಂದ ಕ್ಷಮೆ ಕೊಡಿಸಿದ್ದೇನೆ. ಒಬ್ಬೊಬ್ಬರೂ ಹಲ್ಲು ಕೀಳಿಸಿಕೊಂಡಷ್ಟು ನೋವಿನಿಂದ ಕೊಟ್ಟರು. ಕೃಪಾವತಿ ಕೇಳಿದವರಿಗೆ ಒಂದು ಲೋಟ ನೀರು ಕೊಡುವ ಹಾಗೆ ಕೊಟ್ಟಳು. ಅವಳಿಗೆ ಅದರಿಂದ ಏನೂ ಖರ್ಚಾಗಲಿಲ್ಲ. ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಚಹಾ ಕುಡಿಯುತ್ತೀರೇನು ಎಂದು ಕೇಳಿದಳು. ನಾನು ಬೇಡ ಎಂದೆ. ಅವಳು ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು, ಶಾಲಿನ ಮಡಿಕೆಗಳನ್ನು ಒಂದೊಂದಾಗಿ ಒತ್ತಿದಳು.

ಭಾನುವಾರ ನಾನು ಕಂಬದ ಸಾಲಿಗೆ ಹೋದೆ. ಮುಂದೆ ಮೊದಲ ಬೆಂಚಿನಲ್ಲಿ ಜಯಶೀಲಪ್ಪ, ಅವನ ಪಕ್ಕದಲ್ಲಿ ಕೃಪಾವತಿ. ಅಯ್ಯನವರು ‘ಮೊಣಕಾಲೂರೋಣ’ ಎಂದರು. ಬೆಂಚುಗಳೆಲ್ಲ ಒಮ್ಮೆ ಕಿರುಗುಟ್ಟಿದವು, ಎಲ್ಲರೂ ಕೆಳಗೆ ಹೋದರು, ಅವಳೂ ಹೋದಳು. ಆಗ ನನ್ನ ಮೊಣಕಾಲು ಸಡಿಲವಾಗುತ್ತಿರುವುದು ನನಗೆ ತಿಳಿಯಿತು. ತಪ್ಪು ಒಪ್ಪಿಕೊಂಡಾಗಿತ್ತು, ಕ್ಷಮೆ ಸಿಕ್ಕಾಗಿತ್ತು, ಕಟ್ಟಳೆ ತನ್ನ ಕೆಲಸ ಮಾಡುತ್ತಿತ್ತು. ಎಷ್ಟು ಹಿತವಾಗಿತ್ತು ಎಂದರೆ, ಬಿಸಿಲಲ್ಲಿ ನಡೆದು ಬಂದು ನೆರಳಿನಲ್ಲಿ ಕೂತ ಹಾಗೆ. ಇನ್ನು ಒಂದು ಗಳಿಗೆ ಬಿಟ್ಟರೆ ನಾನೂ ಇಳಿಯುತ್ತಿದ್ದೆ, ಆಮೇಲೆ ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ, ಎಲಿಯಾಜರನ ಹೆಸರು ಎತ್ತುವವರು ಈ ಊರಲ್ಲಿ ಒಬ್ಬರೂ ಇರುತ್ತಿರಲಿಲ್ಲ.

ನಾನು ಎರಡೂ ತೋಳುಗಳಿಂದ ಕಂಬವನ್ನು ತಬ್ಬಿಕೊಂಡೆ. ಎಲ್ಲರೂ ಪಾಪಕ್ಷಮೆಯ ಪ್ರಾರ್ಥನೆ ಹೇಳುತ್ತಿದ್ದರು. ನನಗೆ ಆ ಮಾತು ಹೇಳುವ ಧೈರ್ಯವಾಗಲಿಲ್ಲ. ‘ಸ್ವಾಮೀ, ನನ್ನನ್ನ ಇನ್ನೂ ಕ್ಷಮಿಸಬ್ಯಾಡ’ ಎಂದೆ.